ಎರಡು ಸಲ ಬಂದ ಹೆಸರು

ಊರಿನ ಜಾಲತಾಣದಲ್ಲಿ ಯಾರ ಪುಟ ಅಳಿಸಿದರೂ ಅವರು ಎಲ್ಲರ ನೆನಪಿನಿಂದ ಹೋಗಿಬಿಡುವುದು ಅಲ್ಲಿ ಹೊಸದೇನಲ್ಲ. ತಾಣ ನೋಡಿಕೊಳ್ಳುವ ಶಿವಲೀಲಾ ನಿನ್ನೆ, ಎರಡು ಸಲ ಬಂದ ಹೆಸರುಗಳಲ್ಲಿ ಒಂದೊಂದನ್ನು ತೆಗೆದುಹಾಕಿದ್ದಳು. ಮೊಮ್ಮಗಳಿಗೆ ಅಜ್ಜಿಯ ಹೆಸರಿಡುವ ಪದ್ಧತಿ ಅವಳಿಗೆ ಹೊಳೆದಿರಲಿಲ್ಲ.

ಇಂದು ಕಸ್ತೂರೆವ್ವ ಬಂದಳು. "ಯಾರ ಕೂಸೋ ಏನೋ ಅಕ್ಕಾರ, ನನ್ನ ಸೆರಗು ಬಿಡವಲ್ದು."

ಶಿವಲೀಲಾ ತಾಣದಲ್ಲಿ ಅಳಿಸಿದ ಪುಟಗಳ ಕಸದಬುಟ್ಟಿ ತೆರೆದಳು. 'ಗುರವ್ವ, ತಾಯಿ ಕಸ್ತೂರೆವ್ವ.' ಮರಳಿಸಲು ಒತ್ತಿದರೆ ಪರದೆ ಒಪ್ಪಲಿಲ್ಲ: ಈ ಹೆಸರು ಈಗಾಗಲೇ ಇದೆ, ಮನೆಯಲ್ಲಿ ಕರೆಯುವ ಹೆಸರು ಕೊಡಿ.

"ಅವ್ವ ನಿನ್ನ ಏನಂತ ಕರೀತಾಳವ್ವಾ?"

"ಚಿಗರಿ," ಎಂದಿತು ಮಗು ಬಿಕ್ಕುತ್ತ. "ಆಯಿ ಹೆಸರು ಅವ್ವ ಬಾಯಾಗ ಅನ್ನಂಗಿಲ್ಲ, ಅತ್ತಿ ಹೆಸರು ಸೊಸಿ ಹೇಳಬಾರದಂತ."

ಶಿವಲೀಲಾ ಅದನ್ನೇ ಬರೆದು ಒತ್ತಿದಳು. ಕಸ್ತೂರೆವ್ವ ಮಗುವನ್ನು ಅವಚಿಕೊಂಡಳು. "ಚಿಗರೀ, ಎಷ್ಟು ಅತ್ತಿಯಲ್ಲ ನನ್ನವ್ವ."

ಬುಟ್ಟಿಯಲ್ಲಿ ಇನ್ನೊಂದು ಪುಟವಿತ್ತು. ಹೆಸರು ಶಿವಲೀಲಾಳ ಅತ್ತೆಯದು; ಪಕ್ಕದಲ್ಲಿ, 'ತಾಯಿ ಶಿವಲೀಲಾ.' ಬೆಳಿಗ್ಗೆ ತನ್ನ ಬಾಗಿಲಲ್ಲಿ ಅಳುತ್ತಿದ್ದ ಹುಡುಗಿಯನ್ನು ಅವಳು ಗದರಿಸಿ ಕಳಿಸಿದ್ದಳು.

ಚಪ್ಪಲಿ ಮೆಟ್ಟದೆ ಬೀದಿಗೆ ಓಡಿದಳು. ಆದರೆ ಮಗಳನ್ನು ಮನೆಯಲ್ಲಿ ಕರೆಯುತ್ತಿದ್ದ ಹೆಸರು ನೆನಪಿಗೆ ಬಾರದೆ, ಏನೆಂದು ಕೂಗುತ್ತ ಓಡಬೇಕೋ ತಿಳಿಯಲಿಲ್ಲ.