ಗರಟೆ ಅಳತೆಯ ಟೊಪ್ಪಿ

ಶೇವಂತಿ ಚೀಲಕ್ಕೆ ಕೈಹಾಕಿ ಹೊರಗೆಳೆದದ್ದು ಅರ್ಧ ಹೆಣೆದ ಒಂದು ಪುಟ್ಟ ಟೊಪ್ಪಿ. ಅಂಕೋಲೆಯ ಮೀನುಪೇಟೆಯಲ್ಲಿ ಹೆಂಗಸರ ಸಾಲು ಒಮ್ಮೆಲೇ ಅತ್ತ ತಿರುಗಿತು. ಬಂಗಡೆಯ ದರಕ್ಕೆ ಜಗಳವಾಡುತ್ತಿದ್ದ ಗಿರಾಕಿಯೂ ದರ ಮರೆತು ಕತ್ತು ಚಾಚಿದ.

ಚೀಲ ಸುಮಲತಾಳದ್ದು. ಅವಳಿಗೆ ನಲವತ್ತೊಂದು. ಗಂಡ ತುಳಸಿದಾಸ ಹಡಗಿನ ಕೆಲಸಕ್ಕೆ ಹೋಗಿ ಹದಿನಾಲ್ಕು ತಿಂಗಳಾಗಿತ್ತು, ನಡುವೆ ಒಮ್ಮೆಯೂ ಊರಿಗೆ ಬಂದಿರಲಿಲ್ಲ. ಈ ಹದಿನಾಲ್ಕು ತಿಂಗಳ ಲೆಕ್ಕ ಸಾಲಿನಲ್ಲಿ ಎಲ್ಲರಿಗೂ ಬಾಯಿಪಾಠ.

ಸಂಶಯವೇನೂ ಹೊಸದಲ್ಲ. ಅಕ್ಕನ ಮನೆಗೆ ಅಂತ ಹೇಳಿ ಹೋದವಳು ಒಂದೂವರೆ ತಿಂಗಳು ನಾಪತ್ತೆ. ಬಂದ ಮೇಲೆ ಮೀನಿನ ಬುಟ್ಟಿ ಎತ್ತುವುದಿಲ್ಲ, ರಿಕ್ಷಾದ ಕಿಶನನೇ ಇಳಿಸಿ ಕೊಡಬೇಕು. ಸುಡುವ ಸೆಕೆಯಲ್ಲೂ ಸೆರಗನ್ನು ಎರಡು ಸುತ್ತು ಹೊದ್ದು ಕೂರುತ್ತಾಳೆ. ಒಂದು ದಿನ ಬಂಗಡೆಯ ವಾಸನೆಗೇ ಗೋಡೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡಳು. ಹುಟ್ಟಿದಾಗಿನಿಂದ ಮೀನಿನ ನಡುವೆ ಬೆಳೆದವಳು! ಕಾರವಾರದ ಆಸ್ಪತ್ರೆಯ ಬೆಂಚಿನ ಮೇಲೆ ಅವಳನ್ನು ನೋಡಿದವರೂ ಇದ್ದರು. ಈಗ ಟೊಪ್ಪಿಯೂ ಸಿಕ್ಕಿತು. ಪೇಟೆಗೆ ಇನ್ನೇನು ಬೇಕು?

ಟೊಪ್ಪಿ ಕೈಯಿಂದ ಕೈಗೆ ಹೋಯಿತು. ಒಂದು ಬದಿ ಬಿಳಿ, ತಿರುಗಿಸಿದರೆ ಗೋಧಿ ಕಂದು. ಕೂಸಿಗೆ ಯಾರಾದರೂ ಇಂಥ ಬಣ್ಣ ಹಾಕುತ್ತಾರೆಯೇ ಎಂದು ಒಬ್ಬಳು ನಕ್ಕಳು. ಅಪ್ಪನ ಬಣ್ಣ ಇರಬೇಕು ಎಂದಳು ಇನ್ನೊಬ್ಬಳು.

ಶೇವಂತಿ ನಗಲಿಲ್ಲ. ಸಾಲಿಗೇ ಹಿರಿಯಳು, ಅವಳ ಮಾತು ಅಲ್ಲಿ ಕಾನೂನು. "ಯಾರದ್ದು?" ಎಂದು ಕೇಳಿದಳು.

"ನಂದು," ಎಂದು ಸುಮಲತಾ ಟೊಪ್ಪಿಯನ್ನು ಕಿತ್ತುಕೊಂಡಳು.

"ಸೋಮವಾರದೊಳಗೆ ಹೆಸರು ಹೇಳು. ಇಲ್ಲಾಂದ್ರೆ ನಿನ್ನ ಜಾಗದಲ್ಲಿ ಚಂದನಾ ಕೂತ್ಕಂತಾಳೆ."

ಚಂದನಾ ಎಂದರೆ ಶೇವಂತಿಯ ತಂಗಿಯ ಮಗಳು. ಕಂಬದ ಪಕ್ಕದ ಆ ಜಾಗ ಸುಮಲತಾಳ ಅತ್ತೆಯದ್ದಾಗಿತ್ತು. ಹದಿನೆಂಟು ವರ್ಷದಿಂದ ಇವಳದ್ದು. ಅದು ಹೋದರೆ ಬುಟ್ಟಿ ಹೊತ್ತು ಮನೆಮನೆ ತಿರುಗಬೇಕು, ಈಗ ಅದು ಆಗದ ಮಾತು. ಆದರೂ ಅವಳು ತಲೆ ತಗ್ಗಿಸಲಿಲ್ಲ.

"ನನ್ನ ಮೈಯ ಸುದ್ದಿ ನಿಂಗ್ಳಿಗೆ ಎಂತಕೆ? ನಾ ಹೇಳೂದೂ ಇಲ್ಲ, ಜಾಗ ಬಿಡೂದೂ ಇಲ್ಲ."

ಅಂದು ಮಧ್ಯಾಹ್ನವೇ ಕಾರವಾರದ ಬಸ್ಸು ಹತ್ತಿದಳು. ಅಲ್ಲಿ ಚಂಪಾ ಟೀಚರ್ ಇದ್ದರು. ಮದುವೆಯಾಗಿಲ್ಲ, ಮಕ್ಕಳುಮರಿ ಇಲ್ಲ, ನಿವೃತ್ತಿಯಾಗಿ ಆರು ವರ್ಷ. ಆಸ್ಪತ್ರೆಯ ಬೆಂಚಿನ ಮೇಲೆ ಸುಮಲತಾಳ ಕೈಯ ಚೀಟಿ ನೋಡಿ, ಕೇಳದೆಯೇ ಮನೆಯ ವಿಳಾಸ ಕೊಟ್ಟಿದ್ದರು.

ಅವರು ಕಲಿಸುತ್ತಿದ್ದ ಹೆಣಿಗೆ ಕಷ್ಟದ್ದು. ಒಂದೇ ಕಡ್ಡಿಯ ಮೇಲೆ ಎರಡು ಬಟ್ಟೆ ಒಟ್ಟಿಗೆ ಬೆಳೆಯಬೇಕು. ಬಿಳಿ ನೂಲಿನ ಕುಣಿಕೆ ಸೀದಾ, ಮುಂದಿನ ಕಂದು ಕುಣಿಕೆ ಉಲ್ಟಾ. ಸೀದಾ ಎದುರಿನ ಪದರಕ್ಕೆ, ಉಲ್ಟಾ ಹಿಂದಿನ ಪದರಕ್ಕೆ. ಎರಡು ಪದರದಲ್ಲಿ ಯಾವುದನ್ನು ಮುಟ್ಟಿದರೂ ಒಂದೇ ನಯ. ನೂಲು ಒಂದು ಸಲ ತಪ್ಪಾಗಿ ಹಾದರೆ ಪದರಗಳು ಅಂಟಿಕೊಳ್ಳುತ್ತವೆ, ಆಮೇಲೆ ಬಾಯಿ ಬಿಡುವುದಿಲ್ಲ. ಸುಮಲತಾಳದ್ದು ಬಲೆ ಹೆಣೆದ ಕೈ. ಬಿಗಿಯಾಗಿ ಎಳೆಯುವುದು, ನೂಲು ಮುಗಿದಲ್ಲಿ ಗಂಟು ಹಾಕುವುದು, ಅದಕ್ಕೆ ಗೊತ್ತಿದ್ದದ್ದು ಅಷ್ಟೇ.

"ಗಂಟು ಬೇಡ ಸುಮಲತಾ," ಎಂದರು ಚಂಪಾ. "ಎಳೆ ಚರ್ಮ, ಚುಚ್ತದೆ."

ಅಳತೆಗೆ ತೆಂಗಿನಕಾಯಿಯ ಅರ್ಧ ಗರಟೆ ಇಟ್ಟಿದ್ದರು. ಮೊದಲನೆಯದು ಅಂಟಿಕೊಂಡಿತು. ಎರಡನೆಯದು ಗರಟೆಗಿಂತ ದೊಡ್ಡದಾಯಿತು. ಪೇಟೆಯಲ್ಲಿ ಕೈಗೆ ಸಿಕ್ಕಿದ್ದು ಮೂರನೆಯದು. ಅದನ್ನೂ ಬಿಚ್ಚಬೇಕಾಗಿ ಬಂದಾಗ ಸುಮಲತಾಳಿಗೆ ಅಳು ಬಂತು. ಶೇವಂತಿಯ ಎದುರು ಬಾರದ ಅಳು, ಎರಡು ಎಳೆ ನೂಲಿನ ಎದುರು ಬಂತು.

"ಸೋಮವಾರದೊಳಗೆ ಆಗೂದಿಲ್ಲ ಅಕ್ಕೋರೆ."

"ನಂದು ಹನ್ನೊಂದು ಸಲ ಬಿಚ್ಚಿದ್ದೆ," ಎಂದ ಚಂಪಾ ಕಡ್ಡಿಯನ್ನು ಅವಳ ಕೈಗೇ ವಾಪಸು ಇಟ್ಟರು.

ಶನಿವಾರ ತುಳಸಿದಾಸನ ಫೋನು ಬಂತು. ಪೇಟೆಯ ಸುದ್ದಿ ಸಮುದ್ರ ದಾಟಿ ಅವನನ್ನೂ ಮುಟ್ಟಿತ್ತು. ಅವನು ಬೈಯಲಿಲ್ಲ, ಎಲ್ಲ ಗೊತ್ತಿದ್ದವನು. ಹೇಳಿಬಿಡು, ಇದರಲ್ಲಿ ನಾಚಿಕೆ ಪಡುವಂಥದ್ದು ಏನಿದೆ, ಬೇಕಾದರೆ ನಾನೇ ಶೇವಂತಿಯಕ್ಕನಿಗೆ ಫೋನು ಮಾಡುತ್ತೇನೆ ಎಂದ.

"ನೀವು ಮಾಡೂದು ಬೇಡ," ಎಂದಳು ಅವಳು. "ಅವರು ಕೇಳಿದ ಹೊತ್ತಿಗಲ್ಲ. ನಾ ತಯಾರಾದ ಮೇಲೆ."

ಭಾನುವಾರ ಸಂಜೆ, ಚಂಪಾ ಅವರ ಜಗಲಿಯಲ್ಲಿ, ಕೊನೆಯ ಸಾಲು ಮುಗಿಯಿತು. ಸುಮಲತಾ ಕಡ್ಡಿ ಎಳೆದು ಪದರಗಳ ನಡುವೆ ಬೆರಳು ತೂರಿಸಿದಳು. ಟೊಪ್ಪಿ ಬಾಯಿ ಬಿಟ್ಟಿತು, ಎಲ್ಲೂ ಅಂಟಿರಲಿಲ್ಲ. ಗರಟೆಯ ಮೇಲೆ ಸರಿಯಾಗಿ ಕೂತಿತು. ಅವಳು ನಕ್ಕಳು, ಎಷ್ಟೋ ದಿನದ ಮೇಲೆ ಗಟ್ಟಿಯಾಗಿ ನಕ್ಕಳು. ಚಂಪಾ ಒಂದು ಪೊಟ್ಟಣ ಹತ್ತಿ ಕೊಟ್ಟು, ಬೆಳಕಿರುವಾಗಲೇ ಬಸ್ಸು ಹತ್ತಿಸಿದರು.

ಸೋಮವಾರ ಬೆಳಿಗ್ಗೆ ಅವಳು ಪೇಟೆಗೆ ಬಂದಾಗ ಕಂಬದ ಪಕ್ಕ ಚಂದನಾ ಕೂತಾಗಿತ್ತು. ಇಡೀ ಸಾಲು ಕತ್ತೆತ್ತಿ ನೋಡುತ್ತಿತ್ತು. ಹೆಸರು ಹೇಳುತ್ತೀಯೋ, ಬುಟ್ಟಿ ತಕ್ಕೊಂಡು ಹೋಗುತ್ತೀಯೋ ಎಂದು ಶೇವಂತಿ ಕೇಳಿದಳು. ಸುಮಲತಾ ನೇರ ಕಂಬದ ಬಳಿಗೆ ನಡೆದಳು. ಚಂದನಾಳ ಭುಜ ಮುಟ್ಟಿ ಏಳು ಎಂದು ಕಣ್ಣಲ್ಲೇ ಹೇಳಿದಳು. ಸ್ವರ ಎತ್ತದ ಆ ಧೈರ್ಯಕ್ಕೇ ಹುಡುಗಿ ಎದ್ದು ನಿಂತಳು. ಸುಮಲತಾ ಸೆರಗಿನ ಒಂದು ಸುತ್ತು ಬಿಚ್ಚಿದಳು, ಎರಡನೆಯದನ್ನೂ ಬಿಚ್ಚಿದಳು. ಎಲ್ಲರ ಕಣ್ಣೂ ಅವಳ ಹೊಟ್ಟೆಯ ಮೇಲಿತ್ತು.

ಅವಳು ಟೊಪ್ಪಿಯ ಪದರಗಳ ನಡುವೆ ಹತ್ತಿ ತುಂಬಿ, ನಾಲ್ಕು ತಿಂಗಳ ಹಿಂದೆ ಡಾಕ್ಟರರು ಕೊಯ್ದು ತೆಗೆದ ಎಡ ಮೊಲೆಯ ಜಾಗಕ್ಕೆ ಎಲ್ಲರೆದುರೇ ರವಿಕೆಯೊಳಗೆ ಸೇರಿಸಿಕೊಂಡು, ತನ್ನ ಜಾಗದಲ್ಲಿ ಕೂತಳು.