ಕೆಂಪು ಕಾರಿಗೆ ಬಹುಮಾನ

ಹಳೆಯ ಸ್ಪೋರ್ಟ್ಸ್ ಕಾರುಗಳ ಪ್ರದರ್ಶನಕ್ಕೆ ಅವಳು ಬಂದದ್ದು ಇದೇ ಮೊದಲು. ಗಂಡ ನಂಜರಾಜ ಪ್ರತಿವರ್ಷ ಒಬ್ಬನೇ ಬಂದು ಬಹುಮಾನ ಗೆದ್ದುಕೊಂಡು ಹೋಗುತ್ತಿದ್ದ. ಈ ಭಾನುವಾರ ಅವನಿಗೆ ಹೇಳದೆ ಆಟೋ ಹಿಡಿದು ಬಂದು, ಹಿಂದಿನ ಸಾಲಿನಲ್ಲಿ ಕೂತಿದ್ದಳು. ವೇದಿಕೆಯ ಪಕ್ಕದಲ್ಲಿ ಅವನ ಕೆಂಪು ಕಾರು ಹೊಳೆಯುತ್ತಿತ್ತು; ಅದಕ್ಕೊರಗಿ ಅವನು ನಿಂತಿದ್ದ.

“ಈ ಸಲಾನೂ ಬಹುಮಾನ ಅದಕ್ಕೇ,” ಎಂದರು ಪಕ್ಕದ ಕುರ್ಚಿಯ ಹೆಂಗಸು. “ನಮ್ಮ ಕಾರು ಅದಕ್ಕಿಂತ ಚೆನ್ನಾಗಿದೆ. ಆದ್ರೆ ನಂಜರಾಜ್ ಅವರ ಕಥೆ ಕೇಳಿದ ಮೇಲೆ ಬೇರೆಯವರಿಗೆ ಓಟು ಹಾಕೋಕೆ ಯಾರಿಗೆ ಮನಸ್ಸು ಬರುತ್ತೆ?”

“ಏನು ಕಥೆ?”

“ಹೆಂಡತಿ ತೀರಿಕೊಂಡ್ರಂತೆ. ಆಕೆಗೆ ಆ ಕಾರು ಅಂದ್ರೆ ಪ್ರಾಣವಂತೆ. ಅವರ ನೆನಪಿಗೇ ಒಂದೊಂದು ನಟ್ಟೂ ಕೈಯಾರೆ ಕೂರಿಸಿದಾರೆ. ಆಗಿನಿಂದ ನಂಜರಾಜ್ ಅವರನ್ನೇ ನೋಡ್ತಿದ್ದೀರಲ್ಲ, ನೀವು ಅವರಿಗೆ ಏನಾಗಬೇಕು?”

“ಹೆಂಡತಿ.”

ಆ ಹೆಂಗಸು ಅವಳ ಕೈ ಹಿಡಿದುಕೊಂಡರು. “ತಪ್ಪು ತಿಳ್ಕೋಬೇಡಿ. ಒಳ್ಳೇದೇ ಆಯ್ತು, ಅವರಿಗೂ ಒಂದು ಜೊತೆ ಬೇಕಿತ್ತು. ಮೊದಲನೆಯವರ ನೆನಪು ಅಷ್ಟು ಬೇಗ ಹೋಗಲ್ಲ. ನೀವೇ ಸಹಿಸ್ಕೋಬೇಕು.”

“ಅವರ ಹೆಸರೇನಂತೆ?” ಎಂದು ಅವಳು ಕೇಳಿದಳು.

ಅಷ್ಟರಲ್ಲಿ ನಂಜರಾಜ ಕಪ್ ಹಿಡಿದು ಮೈಕಿನ ಮುಂದೆ ಬಂದು ನಿಂತ.

“ಈ ಬಹುಮಾನ ನನ್ನದಲ್ಲ, ನನ್ನ ವಾರಿಜಳದು. ಅವಳ ಆತ್ಮಕ್ಕೆ ಶಾಂತಿ ಕೋರಿ ಎಲ್ಲರೂ ಒಂದು ನಿಮಿಷ ಎದ್ದು ನಿಲ್ಲಬೇಕು.”

ಎಲ್ಲರೂ ಎದ್ದರು. ಸೀರೆಯ ನೆರಿಗೆ ಸರಿಮಾಡಿಕೊಂಡು ವಾರಿಜಳೂ ಎದ್ದು ನಿಂತಳು.