ಕ್ಲಚ್ಚಿನ ಮೇಲೆ ಯಾರ ಕಾಲು

“ಇದು ಮೂರನೇ ಬುಧವಾರ, ಸಾಬ್ರೇ,” ಲಿಂಗಪ್ಪನವರು ಕಾರಿನಿಂದ ಪೂರ್ತಿ ಇಳಿಯುವ ಮೊದಲೇ ಶುರುಮಾಡಿದರು. “ಏರು ಬಂದ ಕೂಡ್ಲೆ ಇಂಜಿನ್ನು ಕೂಗುತ್ತೆ, ಕಾರು ಮಾತ್ರ ಮುಂದಕ್ಕೆ ಹೋಗಲ್ಲ. ಸುಟ್ಟ ವಾಸನೆ ಬೇರೆ.”

ಮೊಹಿದ್ದೀನ್ ಕೈ ಒರೆಸಿಕೊಂಡು ಆ ಪುಟ್ಟ ಕಾರಿಗೆ ಒಂದು ಸುತ್ತು ಬಂದ. ೧೯೩೮ರ ಚಳಿಗಾಲ. ಮೂಡಿಗೆರೆಯಲ್ಲಿ ಕಾರು ರಿಪೇರಿ ಬಲ್ಲವನು ಅವನೊಬ್ಬನೇ. ಜಾವಳಿ ದಾರಿಯಲ್ಲಿ ಎಸ್ಟೇಟು ಇಟ್ಟುಕೊಂಡಿದ್ದ ಲಿಂಗಪ್ಪನವರಿಗೆ ಓಡಿಸಲು ಬಾರದಿದ್ದರೂ ಕಾರೆಂದರೆ ಜೀವ. ದೂರದ ದಾರಿಯಲ್ಲಿ ಅದನ್ನು ಸವೆಸಬಾರದೆಂದು, ಪ್ರತಿ ಮಂಗಳವಾರ ಕಾಫಿ ವ್ಯವಹಾರಕ್ಕೆ ಚಿಕ್ಕಮಗಳೂರಿಗೆ ಬಸ್ಸಿನಲ್ಲೇ ಹೋಗಿಬರುತ್ತಿದ್ದರು.

ಮೊಹಿದ್ದೀನ್ ಕ್ಲಚ್ ಪೆಡಲನ್ನು ಕೈಯಲ್ಲಿ ಒತ್ತಿ ನೋಡಿದ. ಬಿಗಿಯಾಗುವ ಮೊದಲು ಅದು ಒಂದು ಬೆರಳಿನಷ್ಟು ಸಡಿಲವಾಗಿ ಆಡಬೇಕು. ಕಳೆದ ಬುಧವಾರ ಅವನೇ ಹಾಗೆ ಸರಿಮಾಡಿ ಕಳಿಸಿದ್ದ. ಈಗ ಕೂದಲೆಳೆಯಷ್ಟೂ ಆಡುತ್ತಿರಲಿಲ್ಲ. ಎಣ್ಣೆ ಸೋರಿದೆಯೇ? ಇಲ್ಲ. ಸ್ಪ್ರಿಂಗು ಸೋತಿದೆಯೇ? ಇಲ್ಲ. ಸರಳು ಬಾಗಿದೆಯೇ? ಅದೂ ಇಲ್ಲ.

“ಸಾಹುಕಾರ್ರೇ, ರೋಗ ಇರೋದು ಕಾರಲ್ಲಲ್ಲ, ಕಾಲಲ್ಲಿ. ಯಾರೋ ಪೆಡಲ್ ಮೇಲೆ ಕಾಲು ಊರ್ಕೊಂಡೇ ಓಡಿಸ್ತಿದ್ದಾರೆ.”

ಲಿಂಗಪ್ಪನವರು ಡ್ರೈವರ್ ವೆಂಕಟೇಶನ ಕಡೆ ತಿರುಗಿದರು. “ಮಂಗಳವಾರ ನಾನಿಲ್ಲದಾಗ ಕಾರು ಹೊರಗೆ ಹೋಗುತ್ತೆ. ಅಲ್ವೇನೋ?”

ವೆಂಕಟೇಶ ನೆಲ ನೋಡಿದ. ಇಲ್ಲವೆನ್ನಲಿಲ್ಲ.

ಸಾಹುಕಾರರು ಪೇಟೆಗೆ ನಡೆದ ಮೇಲೆ ಮೊಹಿದ್ದೀನ್ ಪೆಡಲನ್ನು ಇನ್ನೊಮ್ಮೆ ನೋಡಿದ. ಆರಡಿ ವೆಂಕಟೇಶನ ಪಾದ ಅದನ್ನು ಪೂರ್ತಿ ಮುಚ್ಚುತ್ತದೆ. ಇಲ್ಲಿ ಕೆಳಗಿನ ಅಂಚು ಮಾತ್ರ ಉಜ್ಜಿ ಹೊಳೆಯುತ್ತಿತ್ತು. ಕಾಲು ಎಟುಕದ ಯಾರೋ ಬೆರಳ ತುದಿಯಲ್ಲಿ ತುಳಿದಿದ್ದರು.

“ಇದು ನಿನ್ನ ಕಾಲಲ್ಲ ಮಾರಾಯ. ಯಾರದು ಹೇಳು, ನಿನ್ನ ಕೆಲಸ ಉಳಿಯುತ್ತೆ.”

“ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ,” ಎಂದ ವೆಂಕಟೇಶ. ಆಮೇಲೆ, ಯಾಕೋ ನಗು ತಡೆದುಕೊಂಡವನಂತೆ, “ಅದರಲ್ಲೂ ನಿಮ್ಮ ಹತ್ರ ಹೇಳಲ್ಲ, ಸಾಬ್ರೇ.”

ಮೊಹಿದ್ದೀನನಿಗೆ ಅಷ್ಟು ಸಾಕಾಯಿತು. ಸಾಹುಕಾರರ ಹೆಂಡತಿ ರುದ್ರಾಣಿಯಮ್ಮ ಮೈಸೂರಿನಲ್ಲಿ ಓದಿದವರು. ಅವರ ಅಣ್ಣನ ಹತ್ತಿರವೂ ಕಾರಿತ್ತು. ರುದ್ರಾಣಿಯಮ್ಮ ಆಳು ಗಿಡ್ಡ. ಯಜಮಾನಿಯ ಗುಟ್ಟನ್ನು ಡ್ರೈವರು ಬಾಯಿಬಿಡುವುದುಂಟೇ?

ಸಂಜೆ ಮನೆಯಲ್ಲಿ ಹೆಂಡತಿ ಕುಲ್ಸುಮ್ ಎಡಗಾಲು ಚಾಚಿ ಕೂತಿದ್ದಳು. ಅವರಿವರ ಮನೆಗೆ ಹೋಗಿ ಹೊಲಿದುಕೊಡುತ್ತಿದ್ದವಳು. ಹೊಲಿಗೆ ಯಂತ್ರ ತುಳಿದು ತುಳಿದು ಮೀನಖಂಡ ಹಿಡಿದುಕೊಂಡಿದೆ ಎಂದಳು. ಮೊಹಿದ್ದೀನ್ ಎಣ್ಣೆ ಬಿಸಿಮಾಡಿ ತಿಕ್ಕುತ್ತಾ ಬೆಳಗಿನದನ್ನೆಲ್ಲ ಹೇಳಿದ. ಅವನ ಕೆಲಸದ ಮಾತು ಬಂದರೆ ಆಕಳಿಸುತ್ತಿದ್ದವಳು ಈಚೆಗೆ ಕಿವಿಗೊಟ್ಟು ಕೇಳುತ್ತಿದ್ದಳು. ಅವನಿಗೆ ಒಳಗೊಳಗೇ ಖುಷಿ.

“ಆ ಕಾಲಿನೋರು ನಿಮ್ಮ ಎದುರಿಗೆ ಸಿಕ್ಕಿದ್ರೆ ಏನು ಹೇಳ್ತಿದ್ರಿ?” ಎಂದು ಕೇಳಿದಳು.

“ಗೇರು ಬಿದ್ದ ಮೇಲೆ ನಿಧಾನಕ್ಕೆ ಬಿಡಿ, ಬಿಟ್ಟ ಮೇಲೆ ಕಾಲನ್ನ ಪೂರ್ತಿ ಪಕ್ಕಕ್ಕೆ ಇಡಿ ಅಂತಿದ್ದೆ. ಅಷ್ಟೇ ವಿದ್ಯೆ.”

“ಅಷ್ಟೇನಾ?” ಎಂದಳು ಕುಲ್ಸುಮ್.

ಮುಂದಿನ ಬುಧವಾರ ಕಾರು ಮತ್ತೆ ಬಂತು. ವಿಚಿತ್ರವೆಂದರೆ ಈ ಸಲ ಪೆಡಲು ಅರ್ಧದಷ್ಟೇ ಬಿಗಿದಿತ್ತು.

“ಸುಧಾರಿಸಿದೆ, ಸಾಹುಕಾರ್ರೇ.”

“ಅರ್ಧ ಕದ್ರೆ ಕಳ್ಳತನ ಅಲ್ವಾ?” ಲಿಂಗಪ್ಪನವರ ಮೂಗು ಕೆಂಪಾಗಿತ್ತು. “ಇನ್ನೊಂದೇ ಬುಧವಾರ ನೋಡ್ತೀನಿ. ಆಮೇಲೆ ವೆಂಕಟೇಶ ತನ್ನ ಊರು ಸಂಸೆಯಲ್ಲಿ ಗದ್ದೆ ಉಳಲಿ.”

ವೆಂಕಟೇಶ ಆಗಲೂ ಕೊಟ್ಟ ಮಾತು ಮುರಿಯಲಿಲ್ಲ. ಮೊಹಿದ್ದೀನನಿಗೆ ಆ ವಾರವೆಲ್ಲ ಊಟ ರುಚಿಸಲಿಲ್ಲ. ನಿಯತ್ತಿನ ಮನುಷ್ಯನೊಬ್ಬ ಕಣ್ಣೆದುರೇ ಕೆಲಸ ಕಳೆದುಕೊಳ್ಳುವುದನ್ನು ನೋಡುತ್ತ ಕೂರುವುದು ಹೇಗೆ? ರುದ್ರಾಣಿಯಮ್ಮನವರನ್ನೇ ಕಂಡು ಕೇಳಿಕೊಳ್ಳುವುದೆಂದು ತೀರ್ಮಾನಿಸಿದ.

ಮಂಗಳವಾರ ಹತ್ತು ಗಂಟೆಗೆ ಸೈಕಲ್ಲು ಹತ್ತಿ, ಎಸ್ಟೇಟಿನ ಕಾರು ಹಾಯಲೇಬೇಕಾದ ಜಾವಳಿ ದಾರಿಯ ಏರಿನ ತುದಿಯಲ್ಲಿ ಹೋಗಿ ನಿಂತ. ಅರ್ಧ ಗಂಟೆ ಕಾದಿರಬಹುದು. ಕೆಳಗಿನಿಂದ ಇಂಜಿನ್ನಿನ ಸದ್ದು ಕೇಳಿತು. ಕಣ್ಣು ಮುಚ್ಚಿ ಆಲಿಸಿದ. ಕೂಗಾಟವಿಲ್ಲ, ಜರ್ಕಿಲ್ಲ. ಗೇರು ಬದಲಾದದ್ದು ಗೊತ್ತೇ ಆಗಲಿಲ್ಲ. ಪರವಾಗಿಲ್ಲ, ಅಮ್ಮಾವ್ರು ಕಲಿತೇಬಿಟ್ಟರಲ್ಲ ಎಂದುಕೊಂಡ.

ಅವನು ಕೈ ಅಡ್ಡ ಹಿಡಿದ. ಮುಂದಿನ ಗಾಜಿನ ಮೇಲೆ ಬಿಸಿಲು ಬಿದ್ದು ಒಳಗೇನೂ ಕಾಣುತ್ತಿರಲಿಲ್ಲ. ಕಾರು ಮೆತ್ತಗೆ ಬಂದು ನಿಂತಿತು. ಹತ್ತಿರದ ಕಿಟಕಿಯಲ್ಲಿ ರುದ್ರಾಣಿಯಮ್ಮನ ಮುಖ ಕಂಡಿತು. ಅದು ಎಡಗಡೆಯ ಕಿಟಕಿ. ಸ್ಟಿಯರಿಂಗು ಇದ್ದದ್ದು ಆಚೆ ಬದಿಗೆ.

“ವೆಂಕಟೇಶನ ವಿಷಯಕ್ಕೆ ಬಂದ್ರಾ, ಸಾಬ್ರೇ?” ಎಂದರು ಆಕೆ. “ಇವತ್ತು ಸಂಜೆ ನಮ್ಮನೆಯವ್ರಿಗೆ ಎಲ್ಲಾ ಹೇಳ್ತೀನಿ. ಅವನ ಕೆಲಸಕ್ಕೇನೂ ಆಗಲ್ಲ.”

“ಹಾಗಾದ್ರೆ ಓಡಿಸ್ತಿರೋದು ನೀವಲ್ವಾ, ಅಮ್ಮಾ?”

“ನಾನು ಮೈಸೂರಲ್ಲೇ ಕಲಿತಿದ್ದೆ. ಆದ್ರೆ ಈಗ ನನಗೆ ಐದು ತಿಂಗಳು. ಇನ್ನು ಸ್ಟಿಯರಿಂಗ್ ಹಿಂದೆ ಕೂರೋ ಹಾಗಿಲ್ಲ. ವೆಂಕಟೇಶ ಸಂಜೆಗೆ ಪೇಟೆಯ ತನ್ನ ಬಿಡಾರಕ್ಕೆ ಹೋಗ್ತಾನೆ, ನಮ್ಮನೆಯವ್ರಿಗೆ ಓಡಿಸೋಕೆ ಬರಲ್ಲ. ಹೊತ್ತಲ್ಲದ ಹೊತ್ತಲ್ಲಿ ನೋವು ಕಾಣಿಸ್ಕೊಂಡ್ರೆ ಆಸ್ಪತ್ರೆಗೆ ಕರ್ಕೊಂಡು ಹೋಗೋರು ಯಾರು? ಕೊನೇ ತಿಂಗಳು ನಿಮ್ಮ ಜೊತೆಗೇ ಇರ್ತೀನಿ ಅಂತ ಈ ಪಕ್ಕದಲ್ಲಿ ಕೂತಿರೋರು ಒಪ್ಪಿಕೊಂಡ್ರು. ಅದಕ್ಕೇ ಕಲಿಸ್ದೆ.”

“ಒಳ್ಳೇ ಕೆಲಸ ಮಾಡಿದ್ರಿ,” ಎಂದ ಮೊಹಿದ್ದೀನ್ ಮನಸಾರೆ. “ಕಲಿತವ್ರ ಧೈರ್ಯಾನೂ ಮೆಚ್ಚಬೇಕು. ಯಾರಮ್ಮಾ ಅವ್ರು?”

ರುದ್ರಾಣಿಯಮ್ಮ ಸೀಟಿಗೆ ಒರಗಿ ಜಾಗ ಬಿಟ್ಟರು. ಮೊಹಿದ್ದೀನ್ ಬಗ್ಗಿ ಒಳಗೆ ನೋಡಿದ.

“ಮೆಚ್ಚಿದ್ದಾಯ್ತಲ್ಲ,” ಎಂದಳು ಕುಲ್ಸುಮ್, “ಇನ್ನು ದಾರಿ ಬಿಡ್ರೀ.”